ಗುಂಡು, ಚಕ್ರ, ಭರ್ಜಿ: ಎಸೆತದ ಅಭ್ಯಾಸವನ್ನು ಕುರಿತು ಕೆಲವು ಮಾತುಗಳು

ಕಳೆದ ವರ್ಷ ತರಗತಿಗಳು ಪ್ರಾರಂಭವಾದ ಹೊಸತರಲ್ಲಿ, ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನು ಮೈದಾನದಲ್ಲಿ ನನ್ನನ್ನು ಕೇಳಿದನು: "ಸರ, ಗುಂಡು ಒಗಿಯಾಕ ಕಲಿಯೂದೇನೈತ್ರಿ? ರಟ್ಟ್ಯಾಗ ಬಲ ಇದ್ರ ಆತಲ್ಲ?" ಹುಡುಗನ ರಟ್ಟೆಯಲ್ಲಿ ಬಲವೇನೋ ಇತ್ತು. ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಶಾಲು ಹೊದೆಸಿಕೊಂಡವನು. ನಾನು ಮಾತಿನಿಂದ ಉತ್ತರ ಕೊಡಲಿಲ್ಲ. 7.26 ಕಿಲೋಗ್ರಾಂ ತೂಕದ ಗುಂಡನ್ನು ಅವನ ಕೈಗಿತ್ತು "ಒಗಿ ನೋಡೋಣ" ಎಂದೆ. ಅವನು ಕೈಯನ್ನು ಹಿಂದಕ್ಕೆ ಸೆಳೆದು, ಹುಣಸೆಯ ಮರಕ್ಕೆ ಕಲ್ಲು ಬೀಸುವಂತೆ ಬೀಸಿದನು. ಗುಂಡು ಏಳು ಮೀಟರಿನ ಹತ್ತಿರ ಬಿದ್ದಿತು; ಹುಡುಗನು ಮಣಿಕಟ್ಟು ಹಿಡಿದುಕೊಂಡು ಕುಳಿತನು. ಬಳಿಕ ಅವನಿಗಿಂತ ಒಂದು ಗೇಣು ಗಿಡ್ಡನಾದ, ನೋಡಲಿಕ್ಕೆ ಸಾಧಾರಣ ಮೈಕಟ್ಟಿನ ಅಂತಿಮ ವರ್ಷದ ವಿದ್ಯಾರ್ಥಿಯನ್ನು ಕರೆದೆ. ಅವನು ಅದೇ ಗುಂಡನ್ನು ಹತ್ತು ಮೀಟರಿನ ಆಚೆಗೆ ಕಳಿಸಿದನು.

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಕಡೆಗಳಿಂದ ನಮ್ಮ ಕಾಲೇಜಿಗೆ ಬರುವ ತರುಣ ತರುಣಿಯರಲ್ಲಿ ದುಡಿದ ಮೈಯುಳ್ಳವರಿಗೆ ಕೊರತೆಯಿಲ್ಲ. ಗಂಗಾವತಿಯ ಕಾಲುವೆ ಪ್ರದೇಶದವರು ಭತ್ತದ ಚೀಲ ಹೊತ್ತವರು. ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳವರು ಕುಂಟೆ ಹೊಡೆದವರು, ಬಾವಿಯಿಂದ ನೀರು ಸೇದಿದವರು. ಆದರೂ ಅಂತರ ಕಾಲೇಜು ಕ್ರೀಡಾಕೂಟಗಳಲ್ಲಿ ಎಸೆತದ ಆಟಗಳಿಗೆ ಬಂದಾಗ ನಾವು ಹಿಂದೆ ಬೀಳುತ್ತೇವೆ. ಬಲ ಸಾಲದೆ ಅಲ್ಲ, ಬಲವನ್ನು ಗುಂಡಿನೊಳಕ್ಕೆ ಇಳಿಸುವ ಬಗೆ ತಿಳಿಯದೆ.

ಮೊದಲು ಒಂದು ಹೆಸರಿನ ತಕರಾರು. ಕನ್ನಡದಲ್ಲಿ ನಾವು ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ ಎಂದು ಮೂರಕ್ಕೂ ಒಂದೇ ಮಾತನ್ನು ಬಳಸುತ್ತೇವೆ. ಇಂಗ್ಲಿಷಿನಲ್ಲಿ ಗುಂಡಿಗೆ ಮಾತ್ರ 'ಪುಟ್' ಎಂಬ ಬೇರೆ ಶಬ್ದವುಂಟು. ಅದು ಎಸೆಯುವುದಲ್ಲ, ದೂಡುವುದು. ನಿಯಮವೂ ಹಾಗೆಯೇ ಇದೆ: ಗುಂಡು ಕೊರಳಿಗೆ ಅಥವಾ ಗದ್ದಕ್ಕೆ ತಗುಲಿ ಇಲ್ಲವೆ ತೀರ ಸಮೀಪವಿರಬೇಕು, ಒಂದೇ ಕೈಯಿಂದ ಹೋಗಬೇಕು, ಭುಜದ ಗೆರೆಯ ಹಿಂದಕ್ಕೆ ಅದನ್ನು ಒಯ್ಯಕೂಡದು. ನಮ್ಮ ಹುಡುಗರು 'ಎಸೆತ' ಎಂಬ ಮಾತನ್ನು ಕೇಳಿ ಎಸೆಯಲು ಹೋಗುತ್ತಾರೆ. ಗದ್ದೆಯ ಕೆಸರಿನಲ್ಲಿ ಬಂಡಿಯ ಗಾಲಿ ಹೂತಾಗ ಏನು ಮಾಡುತ್ತೇವೆ? ಬರೀ ಕೈಯಿಂದ ದೂಡುವುದಿಲ್ಲ. ಮಂಡಿ ಬಗ್ಗಿಸಿ, ಹಿಮ್ಮಡಿ ಊರಿ, ಸೊಂಟ ಕೊಟ್ಟು, ಭುಜ ಕೊಟ್ಟು, ಕಟ್ಟಕಡೆಗೆ ಕೈ ಚಾಚುತ್ತೇವೆ. ಗುಂಡನ್ನು ದೂಡುವ ಕ್ರಮವೂ ಇದೇ. ಆ ಕುಷ್ಟಗಿಯ ಹುಡುಗನಿಗೆ ನಾನು ಕೊಟ್ಟ ಮೊದಲ ಪಾಠ ಬಂಡಿಯ ಗಾಲಿಯದೇ.

ಇನ್ನು ಸ್ವಲ್ಪ ಲೆಕ್ಕ. ಕಲಾ ವಿಭಾಗದ ವಿದ್ಯಾರ್ಥಿಗಳು ಹೆದರಬೇಕಾದ ಕಾರಣವಿಲ್ಲ. ಕೈಬಿಟ್ಟ ಗುಂಡು ಎಷ್ಟು ದೂರ ಹೋಗಬೇಕೆಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಬಿಟ್ಟಾಗ ಅದರ ವೇಗ, ಬಿಟ್ಟ ಕೋನ, ಬಿಟ್ಟ ಎತ್ತರ. ಒಬ್ಬನು ಗುಂಡನ್ನು ನೆಲದಿಂದ 1.9 ಮೀಟರ್ ಎತ್ತರದಲ್ಲಿ, 38 ಡಿಗ್ರಿ ಕೋನದಲ್ಲಿ, ಸೆಕೆಂಡಿಗೆ 10 ಮೀಟರ್ ವೇಗದಿಂದ ಬಿಟ್ಟನೆಂದು ಇಟ್ಟುಕೊಳ್ಳೋಣ. ಅದು ಸುಮಾರು 11.92 ಮೀಟರ್ ದೂರದಲ್ಲಿ ಬೀಳುತ್ತದೆ. ಈಗ ಕೋನವನ್ನು 42 ಡಿಗ್ರಿಗೆ ಏರಿಸಿದರೆ ಸಿಗುವ ಲಾಭ ಬರೀ ಎರಡು ಸೆಂಟಿಮೀಟರು. ಎತ್ತರ ಹತ್ತು ಸೆಂಟಿಮೀಟರು ಹೆಚ್ಚಾದರೆ ಒಂಬತ್ತು ಸೆಂಟಿಮೀಟರಿನಷ್ಟು ಲಾಭ. ಆದರೆ ವೇಗವನ್ನು ಸೆಕೆಂಡಿಗೆ 11 ಮೀಟರಿಗೆ ಏರಿಸಿದರೆ ಗುಂಡು 14.05 ಮೀಟರಿಗೆ ಹೋಗುತ್ತದೆ! ಎರಡು ಮೀಟರಿಗೂ ಮಿಕ್ಕ ಲಾಭ. "ಇನ್ನೂ ಮ್ಯಾಲೆ ಒಗಿ, ಮ್ಯಾಲೆ ಒಗಿ" ಎಂದು ಮೈದಾನದ ಅಂಚಿನಲ್ಲಿ ನಿಂತು ಕೂಗುವ ಗೆಳೆಯರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಮೇಲಕ್ಕೆ ದೂಡಿದಷ್ಟೂ ಗುಂಡಿನ ತೂಕ ನಮಗೆ ಎದುರಾಗಿ ವೇಗ ಕುಂದುತ್ತದೆ; ಆದುದರಿಂದಲೇ ಒಳ್ಳೆಯ ಎಸೆತಗಾರರು 45 ಡಿಗ್ರಿಯ ಗೋಜಿಗೆ ಹೋಗದೆ 35ರಿಂದ 40ರ ಒಳಗೆ ಬಿಡುತ್ತಾರೆ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ಗುಂಡನ್ನು ಎಷ್ಟು ಉದ್ದದ ದಾರಿಯಲ್ಲಿ, ಎಡೆಬಿಡದೆ, ಹೆಚ್ಚು ಹೆಚ್ಚಾಗಿ ನೂಕುತ್ತೇವೆಯೋ ಅಲ್ಲಿಂದ. ವೃತ್ತದ ವ್ಯಾಸ 2.135 ಮೀಟರು ಮಾತ್ರ. ಅಷ್ಟೇ ಜಾಗದಲ್ಲಿ ದಾರಿಯನ್ನು ಉದ್ದ ಮಾಡುವ ಉಪಾಯವನ್ನು ಅಮೆರಿಕದ ಪ್ಯಾರಿ ಓಬ್ರಿಯನ್ ಎಂಬಾತ 1950ರ ದಶಕದಲ್ಲಿ ಕಂಡುಕೊಂಡನು. ಅಲ್ಲಿಯವರೆಗೆ ಎಲ್ಲರೂ ಪಕ್ಕಕ್ಕೆ ತಿರುಗಿ ನಿಂತು ಜಿಗಿಯುತ್ತಿದ್ದರು. ಈತ ಎಸೆಯುವ ದಿಕ್ಕಿಗೆ ಪೂರ್ತಿ ಬೆನ್ನು ಹಾಕಿ ನಿಂತನು. 1952 ಮತ್ತು 1956ರ ಒಲಿಂಪಿಕ್ ಚಿನ್ನಗಳು ಅವನಿಗೆ ದೊರೆತವು. 1954ರಲ್ಲಿ ಅರವತ್ತು ಅಡಿಯ ಗಡಿಯನ್ನು ಮೊದಲಿಗೆ ದಾಟಿದವನೂ ಅವನೇ. ಮುಂದೆ ರಷ್ಯದ ಬಾರಿಷ್ನಿಕೋವ್ ಚಕ್ರ ಎಸೆಯುವವರಂತೆ ಸುತ್ತು ತಿರುಗಿ ದೂಡುವ ಪದ್ಧತಿಯಿಂದ 1976ರಲ್ಲಿ 22 ಮೀಟರಿನ ವಿಶ್ವದಾಖಲೆ ಸ್ಥಾಪಿಸಿದನು. ಅದೇ ಸುತ್ತಿನ ಪದ್ಧತಿಯಲ್ಲಿ ರಯಾನ್ ಕ್ರೌಸರ್ 2023ರಲ್ಲಿ 23.56 ಮೀಟರ್ ದೂಡಿದನು. ಸುತ್ತಿನ ಪದ್ಧತಿಯನ್ನು ಮೊಬೈಲಿನಲ್ಲಿ ನೋಡಿ ನಮ್ಮ ಹುಡುಗರು ಮರುದಿನವೇ ತಿರುಗಲು ಹೋಗುತ್ತಾರೆ. ಬೇಡವೆಂದು ನನ್ನ ಸಲಹೆ. ನೆಟ್ಟಗೆ ನಿಂತು ದೂಡಲು ಬಾರದವನು ತಿರುಗಿ ದೂಡಿದರೆ ತಲೆ ಮಾತ್ರ ತಿರುಗುತ್ತದೆ. ಎರಡು ವರ್ಷ ಓಬ್ರಿಯನ್ನನ ಜಾರುಹೆಜ್ಜೆಯನ್ನೇ ಕಲಿಯಿರಿ.

ಬಲಗೈಯವರಿಗೆ ಜಾರುಹೆಜ್ಜೆಯ ಕ್ರಮ ಹೀಗೆ. ವೃತ್ತದ ಹಿಂತುದಿಯಲ್ಲಿ, ಎಸೆಯುವ ದಿಕ್ಕಿಗೆ ಬೆನ್ನು ಹಾಕಿ, ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲಿರಿ. ಗುಂಡು ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂತಿರಲಿ. ಮಂಡಿ ಬಗ್ಗಿಸಿ ಬಾಗಿ, ಎಡಗಾಲನ್ನು ಹಲಗೆಯ ಕಡೆಗೆ ತಗ್ಗಾಗಿ ಚಾಚುತ್ತಲೇ ಬಲಗಾಲಿನಿಂದ ನೆಲವನ್ನು ಒದ್ದು, ಅದನ್ನು ನೆಲಕ್ಕೆ ಸವರುವಂತೆ ಎಳೆದು ವೃತ್ತದ ನಡುವೆ ತಂದಿಡಿರಿ. ಇಲ್ಲಿ ಹಾರಬಾರದು, ಹಾರಿದರೆ ಕೆಳಗಿಳಿಯುವಾಗ ಗುಂಡು ನಿಂತುಹೋಗುತ್ತದೆ. ಬಲಗಾಲು ಊರಿದ ಮರುಗಳಿಗೆಯಲ್ಲಿಯೇ ಎಡಗಾಲು ಹಲಗೆಯ ಬಳಿ ಊರಬೇಕು. ಆಗ ಕಾಲು ಸೊಂಟಗಳು ಮುಂದೆ ಬಂದಿದ್ದರೂ ಭುಜಗಳು ಇನ್ನೂ ಹಿಂದೆಯೇ ನೋಡುತ್ತಿರಬೇಕು. ಒದ್ದೆಯ ಬಟ್ಟೆಯನ್ನು ಹಿಂಡಿದಂತೆ ನಡು ತಿರುಚಿಕೊಂಡಿರುತ್ತದೆ. ಆ ತಿರುಚು ಬಿಡಿಸಿಕೊಳ್ಳುವ ರಭಸವೇ ಗುಂಡಿನ ವೇಗ: ಮೊದಲು ಬಲಮಂಡಿ ಒಳಕ್ಕೆ ತಿರುಗಿ ಮೇಲೇಳುವುದು, ಅನಂತರ ಸೊಂಟ, ಅನಂತರ ಎದೆ, ಕೊನೆಗೆ ಕೈ, ಕಟ್ಟಕಡೆಗೆ ಬೆರಳು. ಮೊಣಕೈ ಗುಂಡಿನ ಹಿಂದೆಯೇ ಎತ್ತರದಲ್ಲಿರಲಿ. ಅದು ಕೆಳಗೆ ಬಿದ್ದರೆ ದೂಡುವುದು ಹೋಗಿ ಎಸೆಯುವುದು ಬರುತ್ತದೆ, ಬೆರಳು ಉಳುಕುತ್ತದೆ. ಎಡಗಾಲು ಕೊನೆಯಲ್ಲಿ ಕಂಬದಂತೆ ನೆಟ್ಟಗೆ ನಿಲ್ಲಬೇಕು. ಓಡುವ ಸೈಕಲ್ಲಿನ ಮುಂದಿನ ಗಾಲಿ ಕಲ್ಲಿಗೆ ಬಡಿದು ತಟ್ಟನೆ ನಿಂತರೆ ಸವಾರ ಹೇಗೆ ಮುಂದಕ್ಕೆ ಹಾರುವನೋ ಹಾಗೆ ಎಡಗಾಲು ತಡೆದಾಗ ಬಲಭಾಗ ಮುಂದಕ್ಕೆ ಚಿಮ್ಮುತ್ತದೆ. ನಮ್ಮ ನೂರಕ್ಕೆ ಎಂಬತ್ತು ಮಂದಿಯ ಎಡಗಾಲು ಇಲ್ಲಿಯೇ ಬಾಗುತ್ತದೆ; ಇದು ನಾನು ಅಳೆದು ಹೇಳಿದ ಸಂಖ್ಯೆಯಲ್ಲ, ಬೇಸರದಿಂದ ಹೇಳಿದ್ದು.

ಪ್ರಥಮ ವರ್ಷದವರ ವಿಷಯದಲ್ಲಿ ಇನ್ನೊಂದು ಮಾತುಂಟು. ಹದಿನೆಂಟರ ಒಳಗಿನ ಹುಡುಗರ ಸ್ಪರ್ಧೆಯಲ್ಲಿ ಗುಂಡಿನ ತೂಕ 5 ಕಿಲೋ, ಇಪ್ಪತ್ತರ ಒಳಗಿನವರಿಗೆ 6 ಕಿಲೋ, ದೊಡ್ಡವರಿಗೆ 7.26. ಕಾಲೇಜಿಗೆ ಬಂದ ಕೂಡಲೆ ಹುಡುಗನು ಒಂದೇ ಜಿಗಿತಕ್ಕೆ ಐದರಿಂದ ಏಳೂಕಾಲಿಗೆ ಹೋಗುತ್ತಾನೆ. ದೂರ ಮೂರು ಮೀಟರು ಕುಸಿಯುತ್ತದೆ, ಮಣಿಕಟ್ಟು ನೋಯುತ್ತದೆ, "ನನಗಿದು ಆಗೋದಲ್ಲ" ಎಂದು ಬಿಟ್ಟುಬಿಡುತ್ತಾನೆ. ನಾನು ಮೊದಲ ನಾಲ್ಕು ತಿಂಗಳು ಆರು ಕಿಲೋ ಗುಂಡಿನಿಂದಲೇ ಕಲಿಸುತ್ತೇನೆ. ತೂಕ ಹೆಚ್ಚಾದಾಗ ದೇಹ ತನಗೆ ಗೊತ್ತಿರುವ ಅಡ್ಡದಾರಿಯನ್ನೇ ಹಿಡಿಯುತ್ತದೆ, ಹೊಸ ಕ್ರಮವನ್ನು ಕಲಿಯುವುದಿಲ್ಲ. ಹುಡುಗಿಯರಿಗೂ ಇದೇ ನ್ಯಾಯ: ಮೂರು ಕಿಲೋದಿಂದ ನಾಲ್ಕಕ್ಕೆ ಹೋಗುವಾಗ ಅವಸರ ಬೇಡ.

ಇನ್ನು ಚಕ್ರ. ಇಲ್ಲಿ ನಮ್ಮ ಸೀಮೆಯ ಮಕ್ಕಳಿಗೆ ಒಂದು ಹುಟ್ಟುಪಾಠ ಉಂಟು. ಜೋಳದ ತೆನೆಗೆ ಹಾಲು ತುಂಬುವಾಗ ಹಕ್ಕಿ ಕಾಯಲು ಅಟ್ಟದ ಮೇಲೆ ನಿಂತು ಕವಣೆ ಬೀಸಿದವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾಗುತ್ತದೆ. ಕವಣೆಯ ಹಗ್ಗ ಗಿಡ್ಡವಾದರೆ ಕಲ್ಲು ಹೋಗುವುದಿಲ್ಲ. ಉದ್ದವಿದ್ದು, ಬಿಗಿಯಾಗಿದ್ದು, ಸಮವಾಗಿ ತಿರುಗಿದರೆ ಹೊಲದ ಆಚೆಯ ಬದುವಿಗೆ ಹೋಗುತ್ತದೆ. ಚಕ್ರ ಎಸೆತದಲ್ಲಿ ನಮ್ಮ ಕೈಯೇ ಕವಣೆಯ ಹಗ್ಗ, ದೇಹವೇ ಅದರ ತಿರುಗಣೆ. ಕೈಯನ್ನು ಮಡಚಿ ದೇಹಕ್ಕೆ ಹತ್ತಿರ ತಂದಿರೋ, ಕವಣೆಯ ಹಗ್ಗ ಕತ್ತರಿಸಿದಂತೆ. ಚಕ್ರವನ್ನು ಬೆರಳುಗಳ ಕೊನೆಯ ಗೆಣ್ಣಿಗೆ ಸಿಕ್ಕಿಸಿ ಹಿಡಿಯಬೇಕು; ಕೊನೆಗೆ ಅದು ತೋರುಬೆರಳಿನ ಮೇಲಿಂದ ಉರುಳಿ ಹೋಗಬೇಕು. ಬಲಗೈಯಿಂದ ಬಿಟ್ಟ ಚಕ್ರ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆ ತಿರುಗಾಟವಿದ್ದರೆ ಬುಗುರಿಯಂತೆ ಸ್ಥಿರವಾಗಿ ಸಾಗುತ್ತದೆ, ಇಲ್ಲದಿದ್ದರೆ ಗಾಳಿಗೆ ಸಿಕ್ಕ ರೊಟ್ಟಿಯಂತೆ ಓಲಾಡಿ ಬೀಳುತ್ತದೆ. ಹೊಸಬರು ಮೊದಲು ಚಕ್ರವನ್ನು ಎಸೆಯಕೂಡದು. ನೆಲದ ಮೇಲೆ ಗಾಲಿಯಂತೆ ನೇರವಾಗಿ ಉರುಳಿಸಿ ಕಲಿಯಬೇಕು. ವಾರವೊಂದು ಇದೇ ಕೆಲಸ ಮಾಡಿಸಿದರೆ ಹುಡುಗರಿಗೆ ಸಿಟ್ಟು ಬರುತ್ತದೆ, ಬರಲಿ.

ಚಕ್ರದ ವೃತ್ತದ ವ್ಯಾಸ 2.5 ಮೀಟರು, ಪುರುಷರ ಚಕ್ರ 2 ಕಿಲೋ, ಮಹಿಳೆಯರದು 1 ಕಿಲೋ. ಗುಂಡಿಗಿಲ್ಲದ ಒಂದು ಗುಣ ಚಕ್ರಕ್ಕುಂಟು: ಗಾಳಿಯ ಮೇಲೆ ಅದು ತೇಲುತ್ತದೆ. ಹಿಂದಿನಿಂದ ಬೀಸುವ ಗಾಳಿ ಸಹಾಯ ಮಾಡುವುದೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ಚಕ್ರಕ್ಕೆ ಹಿತವಾದುದು ಎದುರುಗಾಳಿ. ಹಕ್ಕಿಯ ರೆಕ್ಕೆಯಂತೆ ಅದು ಎದುರಿನ ಗಾಳಿಯಿಂದ ಎತ್ತುಗೊಳ್ಳುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಗಳಲ್ಲಿ ಇತ್ತೀಚೆಗೆ ಗಾಳಿಯಂತ್ರಗಳು ಎದ್ದು ನಿಂತಿರುವುದನ್ನು ನೀವು ನೋಡಿದ್ದೀರಿ. ಮುಂಗಾರಿನ ತಿಂಗಳುಗಳಲ್ಲಿ ಪಡುವಣದಿಂದ ಬೀಸುವ ಆ ಗಾಳಿಗೆ ಮುಖಮಾಡಿ ಎಸೆದರೆ ಚಕ್ರ ಎರಡು ಮೂರು ಮೀಟರು ಹೆಚ್ಚೇ ಹೋದೀತು. ಅಮೆರಿಕದ ಓಕ್ಲಹೋಮಾದ ರಮೋನಾ ಎಂಬ ಸಣ್ಣ ಊರಿನ ಬಯಲುಗಾಳಿಯಲ್ಲಿ ಲಿಥುವೇನಿಯದ ಮಿಕೋಲಾಸ್ ಅಲೆಕ್ನಾ 2024ರಲ್ಲಿ 74.35 ಮೀಟರ್ ಎಸೆದು, 1986ರಿಂದ ಉಳಿದುಬಂದಿದ್ದ ದಾಖಲೆಯನ್ನು ಮುರಿದನು. 2025ರಲ್ಲಿ ಅಲ್ಲಿಯೇ 75.56ಕ್ಕೆ ಏರಿಸಿದನು. ಆದರೆ ಜುಲೈ ತಿಂಗಳಲ್ಲಿ ಪಡುವಣಕ್ಕೆ ಎಸೆದ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು ಜನವರಿಯ ಕ್ರೀಡಾಕೂಟಕ್ಕೆ ಹೋಗಬೇಡಿ, ಮೋಸಹೋಗುತ್ತೀರಿ.

ಕನ್ನಡ ನಾಡಿನ ಹೆಸರು ಈ ಆಟದಲ್ಲಿ ಸಣ್ಣದೇನಲ್ಲ. ಮೈಸೂರಿನಲ್ಲಿ 1983ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತನ್ನು ಮುಟ್ಟಿದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 63.64 ಮೀಟರಿನಿಂದ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗರು ಗೆದ್ದ ಮೇಲೆ, ಆ ಕ್ರೀಡೆಗಳ ಅಥ್ಲೆಟಿಕ್ಸಿನಲ್ಲಿ ಭಾರತೀಯ ಪುರುಷನೊಬ್ಬನಿಗೆ ಚಿನ್ನ ಬಂದುದು ಆಗಲೇ, ಐವತ್ತಾರು ವರ್ಷಗಳ ಅನಂತರ. ಅವರ ತಂದೆಯವರೂ ಅಥ್ಲೆಟಿಕ್ಸ್ ತರಬೇತುದಾರರು. ಮನೆಯಲ್ಲಿಯೇ ಗುರುವಿದ್ದ ಭಾಗ್ಯ ನಮಗಿಲ್ಲವೆಂದು ಕೆಲವರು ನಿಟ್ಟುಸಿರು ಬಿಡಬಹುದು. ಶಿರಸಿ ಕಡೆಯ ಕಾಶಿನಾಥ ನಾಯ್ಕರನ್ನು ನೋಡಿರಿ. ಸೈನ್ಯ ಸೇರಿ ಭರ್ಜಿ ಹಿಡಿದು, 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕಂಚು ಗೆದ್ದು, ಬಳಿಕ ತರಬೇತುದಾರರಾದರು.

ಭರ್ಜಿಯ ವಿಷಯ ಬರೆಯುವಾಗ ನನ್ನ ಬಲಗೈ ಮೊಣಕೈ ತಾನಾಗಿ ನೆನಪು ಮಾಡಿಕೊಡುತ್ತದೆ. ನಾನು ಯಲಬುರ್ಗಾ ತಾಲ್ಲೂಕಿನ ಒಣಬೇಸಾಯದ ಮನೆಯವನು. ವಿದ್ಯಾರ್ಥಿಯಾಗಿದ್ದಾಗ ನಮಗೆ ನಿಜವಾದ ಭರ್ಜಿ ಕಾಣಸಿಗುತ್ತಿರಲಿಲ್ಲ. ಬಿದಿರಿನ ಗಳಕ್ಕೆ ಊರ ಕಮ್ಮಾರನಿಂದ ಕಬ್ಬಿಣದ ಮೊನೆ ಹಾಕಿಸಿಕೊಂಡು, ಹೊಲದಲ್ಲಿ ಒಬ್ಬನೇ ಎಸೆಯುತ್ತಿದ್ದೆ. ಕವಣೆ ಬೀಸಿದ ಕೈ ನನ್ನದು. ಚಕ್ರಕ್ಕೆ ಒಳ್ಳೆಯದಾದ ಆ ಅಭ್ಯಾಸವೇ ಭರ್ಜಿಗೆ ಶತ್ರುವಾಯಿತು. ಭರ್ಜಿಯನ್ನು ಪಕ್ಕದಿಂದ, ಕೈಯನ್ನು ಭುಜಕ್ಕಿಂತ ಕೆಳಗೆ ಬಿಟ್ಟು ಬೀಸುತ್ತಿದ್ದೆ. ಹಾಗೆ ಬೀಸಿದಾಗ ಮೊಣಕೈಯ ಒಳಮಗ್ಗುಲು ಬಾಯಿ ತೆರೆದಂತೆ ಎಳೆಯಲ್ಪಡುತ್ತದೆ. ಅಲ್ಲಿ ಎಲುಬಿಗೆ ಎಲುಬನ್ನು ಕಟ್ಟಿರುವ ನಾರು ಸ್ವಲ್ಪ ಸ್ವಲ್ಪವಾಗಿ ಹರಿಯುತ್ತದೆ. ನೋವು ಬಂದಾಗ ಎಣ್ಣೆ ತಿಕ್ಕಿ ಮತ್ತೆ ಎಸೆದೆ. ಎರಡನೆಯ ವರ್ಷದ ಕ್ರೀಡಾಕೂಟದಲ್ಲಿ ಮೂರನೆಯ ಎಸೆತಕ್ಕೆ ಮೊಣಕೈಯೊಳಗೆ ಏನೋ 'ಟಕ್' ಎಂದಿತು. ಭರ್ಜಿ ಅಲ್ಲಿಗೆ ಮುಗಿಯಿತು. ಇಂದಿಗೂ ನೀರು ತುಂಬಿದ ಕೊಡವನ್ನು ಬಲಗೈಯಿಂದ ಎತ್ತಲಾರೆ. ನೀರಜ್ ಚೋಪ್ರಾರಿಗೂ 2019ರಲ್ಲಿ ಮೊಣಕೈಯ ಶಸ್ತ್ರಚಿಕಿತ್ಸೆಯಾಯಿತು, ಅವರು ಆ ವರ್ಷವನ್ನೇ ಕಳೆದುಕೊಂಡರು. ಆದರೆ ಅವರ ಹಿಂದೆ ವೈದ್ಯರೂ ತರಬೇತುದಾರರೂ ಇದ್ದರು; 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ತಂದರು, 2025ರ ಮೇ ತಿಂಗಳಿನಲ್ಲಿ ದೋಹಾದಲ್ಲಿ 90.23 ಮೀಟರ್ ದಾಟಿದರು. ಅದೇ ವರ್ಷದ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರಿನ ಸ್ಪರ್ಧೆ ನಡೆದಾಗ ನಮ್ಮ ಕೆಲವು ವಿದ್ಯಾರ್ಥಿಗಳು ರಾತ್ರಿಯ ಬಸ್ಸು ಹತ್ತಿ ಹೋಗಿ ನೋಡಿಬಂದರು. ಬಂದವರು ಹೇಳಿದ್ದು ಒಂದೇ ಮಾತು: "ಕೈ ಎಷ್ಟು ಮ್ಯಾಲೈತ್ರಿ ಸರ!"

ಅದೇ ಭರ್ಜಿಯ ಗುಟ್ಟು. ಹಿಂದಕ್ಕೆ ಚಾಚಿದ ಕೈ ಭುಜದ ಮಟ್ಟಕ್ಕಿಂತ ಕೆಳಗಿಳಿಯಬಾರದು. ಎಸೆಯುವಾಗ ಮೊಣಕೈ ಮೊದಲು ಮುಂದೆ ಬಂದು, ಕಿವಿಯ ಮೇಲಿನಿಂದ ಅಂಗೈ ಹಿಂಬಾಲಿಸಬೇಕು. ಓಟದ ಕೊನೆಯಲ್ಲಿ ಕಾಲಿನ ಮೇಲೆ ಕಾಲು ಹಾಯಿಸುವ ಹೆಜ್ಜೆಗಳು ಬರುತ್ತವೆ. ಕಾಲುಗಳು ಭುಜಗಳನ್ನು ಹಿಂದಿಟ್ಟು ಮುಂದೆ ಓಡಬೇಕು, ಕೊನೆಗೆ ಎಡಗಾಲು ಕಂಬವಾಗಬೇಕು. ಅದೇ ಕಂಬ, ಗುಂಡಿಗೆ ಹೇಳಿದ್ದೇ. ಹಿಡಿತದಲ್ಲಿ ಹೆಬ್ಬೆರಳು ತೋರುಬೆರಳಿನದು, ಹೆಬ್ಬೆರಳು ನಡುಬೆರಳಿನದು, ತೋರುಬೆರಳು ನಡುಬೆರಳುಗಳ ನಡುವಿನದು ಎಂದು ಮೂರು ಬಗೆ. ಮೊಣಕೈ ನೋವಿನ ಸೂಚನೆಯಿರುವವರು ಮೂರನೆಯದನ್ನು ಪ್ರಯತ್ನಿಸಬಹುದು. ಮೊಣಕೈಯ ಒಳಮಗ್ಗುಲಲ್ಲಿ ನೋವು ಕಂಡರೆ ಅಂದೇ ನಿಲ್ಲಿಸಿ ನನ್ನಲ್ಲಿಗೆ ಬನ್ನಿ. ಎಣ್ಣೆ ತಿಕ್ಕಬೇಡಿ.

ಪುರುಷರ ಭರ್ಜಿ 800 ಗ್ರಾಂ, ಮಹಿಳೆಯರದು 600 ಗ್ರಾಂ. ಇದರ ಇತಿಹಾಸದಲ್ಲಿ ಒಂದು ಸ್ವಾರಸ್ಯವುಂಟು. 1984ರಲ್ಲಿ ಪೂರ್ವ ಜರ್ಮನಿಯ ಊವೆ ಹಾನ್ 104.80 ಮೀಟರ್ ಎಸೆದಾಗ, ಇನ್ನು ಮೈದಾನವೇ ಸಾಲದಾದೀತೆಂದು ಅಧಿಕಾರಿಗಳು ಗಾಬರಿಗೊಂಡರು. 1986ರಿಂದ ಪುರುಷರ ಭರ್ಜಿಯ ಭಾರಕೇಂದ್ರವನ್ನು ನಾಲ್ಕು ಸೆಂಟಿಮೀಟರು ಮುಂದಕ್ಕೆ ತಂದರು. ಮೊನೆ ಬೇಗ ಬಾಗಿ ನೆಲ ಕಚ್ಚುವಂತಾಯಿತು, ದೂರ ತಗ್ಗಿತು. ಹೊಸ ಭರ್ಜಿಯಲ್ಲಿ ಯಾನ್ ಜೆಲೆಜ್ನಿ 1996ರಲ್ಲಿ ಎಸೆದ 98.48 ಮೀಟರೇ ವಿಶ್ವದಾಖಲೆ.

ಸರಪಳಿ ಗುಂಡಿನ, ಎಂದರೆ ಹ್ಯಾಮರಿನ ಮಾತು ಇಲ್ಲಿ ಬೆಳೆಸುವುದಿಲ್ಲ. ಬಲೆಯ ಪಂಜರವಿಲ್ಲದೆ ಅದನ್ನು ಮುಟ್ಟಲೇಬಾರದು.

ಪಂಜರದ ಮಾತು ಬಂದುದರಿಂದ ಇನ್ನೊಂದು ತಪ್ಪೊಪ್ಪಿಗೆ. ವಿದ್ಯಾರ್ಥಿ ದೆಸೆಯಲ್ಲಿಯೇ ಒಂದು ಸಂಜೆ ನಾನು ಚಕ್ರ ಎಸೆಯುತ್ತಿದ್ದಾಗ ಕೈ ಒಂದು ಕ್ಷಣ ಮೊದಲೇ ಜಾರಿತು. ಬಲಗೈಯವನ ಚಕ್ರ ಬೇಗ ಬಿಟ್ಟರೆ ಬಲಕ್ಕೆ, ತಡವಾದರೆ ಎಡಕ್ಕೆ ಹೋಗುತ್ತದೆ. ನನ್ನದು ಬಲಕ್ಕೆ ಹೋಯಿತು. ಅಲ್ಲಿ ಆಡು ಮೇಯಿಸುವ ಹುಡುಗನೊಬ್ಬ ನಿಂತು ನೋಡುತ್ತಿದ್ದ. ಚಕ್ರ ಅವನಿಂದ ಎರಡು ಮಾರು ದೂರದಲ್ಲಿ ಮಣ್ಣು ಎಬ್ಬಿಸಿತು. ಅವನು ನಕ್ಕನು, ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆದುದರಿಂದ ನಮ್ಮ ಮೈದಾನದಲ್ಲಿ ನಿಯಮ ಕಟ್ಟುನಿಟ್ಟು. ಎಸೆಯುವವನ ಹಿಂದೆ ಹೊರತು ಬೇರೆಲ್ಲಿಯೂ ಯಾರೂ ನಿಲ್ಲಕೂಡದು. ಎಲ್ಲರೂ ಎಸೆದಾದ ಮೇಲೆ, ನಾನು ಹೇಳಿದ ಮೇಲೆ, ನಡೆದು ಹೋಗಿ ತರಬೇಕು. ಭರ್ಜಿಯನ್ನು ನೆಟ್ಟಗೆ, ಮೊನೆ ಕೆಳಗಾಗಿ ಹಿಡಿದು ತರಬೇಕು. ಹಿಂದಿರುಗಿ ಎಸೆದು ಕಳಿಸಿದವನಿಗೆ ಆ ತಿಂಗಳು ಮೈದಾನವಿಲ್ಲ.

ಸಾಧನಗಳಿಲ್ಲವೆಂಬ ನೆಪ ನಮ್ಮಲ್ಲಿ ಬಹಳ. ವೃತ್ತವನ್ನು ಯಾರೂ ಬರೆದುಕೊಳ್ಳಬಹುದು: ಗೂಟಕ್ಕೆ 106.75 ಸೆಂಟಿಮೀಟರ್ ದಾರ ಕಟ್ಟಿ ಸುತ್ತಿದರೆ ಗುಂಡಿನ ವೃತ್ತ, 125 ಸೆಂಟಿಮೀಟರಿನಿಂದ ಚಕ್ರದ ವೃತ್ತ. ಬೀಳುವ ಕ್ಷೇತ್ರದ ಕೋನ 34.92 ಡಿಗ್ರಿ ಎಂದರೆ ಕಷ್ಟವೆನಿಸುತ್ತದೆ. ವೃತ್ತದ ನಡುವಿನಿಂದ 20 ಮೀಟರಿನ ಎರಡು ಹಗ್ಗಗಳನ್ನು ಎಳೆದು, ತುದಿಗಳ ನಡುವೆ 12 ಮೀಟರ್ ಅಂತರವಿಟ್ಟರೆ ಅದೇ ಕೋನ. ಬಲ ಬೆಳೆಸಲು ಗರಡಿಯ ದಂಡ, ಬಸ್ಕಿ, ಗದೆ ಇಂದಿಗೂ ಉಪಯುಕ್ತ. ಗದೆಯಂತೂ ಭುಜಕ್ಕೆ ದೊಡ್ಡ ರಕ್ಷೆ. ಗೋಣಿಚೀಲದಲ್ಲಿ ಹತ್ತು ಕಿಲೋ ಮರಳು ತುಂಬಿ, ಎರಡು ಕೈಗಳಿಂದ ಹಿಡಿದು, ಮಂಡಿ ಬಗ್ಗಿಸಿ ತಲೆಯ ಹಿಂದಕ್ಕೆ ಎಸೆಯುವುದು ನಾನು ಕಂಡ ಅತ್ಯುತ್ತಮ ವ್ಯಾಯಾಮಗಳಲ್ಲಿ ಒಂದು. ಕೆಲವರು ಭಾನುವಾರ ಅಂಜನಾದ್ರಿಗೆ ಹೋಗಿ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಓಡಿ ಹತ್ತಿಬರುತ್ತಾರೆ. ಭಕ್ತಿಗೂ ಎದೆಗೂ ಒಳ್ಳೆಯದು, ಎಸೆತಕ್ಕೆ ಅಷ್ಟಿಲ್ಲ. ಎಸೆತವೆಂಬುದು ಎರಡು ಸೆಕೆಂಡಿನ ಆಟ. ಅದಕ್ಕೆ ಹತ್ತು ಮೆಟ್ಟಿಲನ್ನು ಎರಡು ಕಾಲಿನಿಂದ ಜಿಗಿಜಿಗಿದು ಹತ್ತುವುದು, 30 ಮೀಟರಿನ ಬಿರುಸು ಓಟ, ನಡುವೆ ಸಾಕಷ್ಟು ವಿಶ್ರಾಂತಿ ಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ಎಸೆತ ಸಾಕು. ಅದರಲ್ಲಿ ಅರ್ಧ ನಿಂತಲ್ಲಿಂದಲೇ ಇರಲಿ. ದಣಿದ ಮೇಲೆ ಎಸೆದ ಎಸೆತ ತಪ್ಪನ್ನೇ ಕಲಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲನ್ನು ಬಲ್ಲವರಿಗೆ ಬೆಳಗಿನ ಆರು ಗಂಟೆಯ ಹೊರತು ಬೇರೆ ವೇಳೆ ಹೇಳಬೇಕಾಗಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಮೊಳಕೆ ಹೆಸರು, ಶೇಂಗಾ, ಹಾಲು, ತಿನ್ನುವವರಿಗೆ ತತ್ತಿ. ಡಬ್ಬಿಯ ಪುಡಿಗಳ ವಿಷಯ ನನ್ನನ್ನು ಕೇಳಬೇಡಿ.

ಬೆಳಗಿನ ಆರು ಗಂಟೆ ಎಲ್ಲರಿಗೂ ಸಾಧ್ಯವಿಲ್ಲವೆಂಬುದು ನನಗೆ ಗೊತ್ತಿದೆ. ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿ ಯಲಬುರ್ಗಾ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಮನೆಯವರ ದುಡ್ಡಿನ ಆಕ್ಷೇಪಣೆ ಹೋಯಿತು, ಆದರೆ ವೇಳೆಯ ಆಕ್ಷೇಪಣೆ ಉಳಿಯಿತು. ತರಗತಿ ಮುಗಿಯುವುದಕ್ಕೂ ಅವಳ ಬಸ್ಸಿಗೂ ನಡುವೆ ನಲವತ್ತೈದು ನಿಮಿಷ. ಅಷ್ಟರಲ್ಲಿಯೇ ನಿಂತಲ್ಲಿಂದ ಎಂಟು ದೂಟ, ಜಾರುಹೆಜ್ಜೆಯಿಂದ ಎಂಟು, ಮರಳಚೀಲ ಹತ್ತು ಸಲ. ಸೇರಿದಾಗ ನಾಲ್ಕು ಕಿಲೋ ಗುಂಡನ್ನು 6.80 ಮೀಟರ್ ದೂಡುತ್ತಿದ್ದಳು. ಒಂದೂವರೆ ವರ್ಷದಲ್ಲಿ ಒಂಬತ್ತನ್ನು ದಾಟಿದಳು. ಹೋದ ಅಂತರ ಕಾಲೇಜು ಕೂಟಕ್ಕೆ ನಾನೇ ಹೆಮ್ಮೆಯಿಂದ ಕರೆದೊಯ್ದೆ. ಮೊದಲ ದೂಟ ಚೆನ್ನಾಗಿಯೇ ಬಿದ್ದಿತು. ಅವಳು ಸಂತೋಷದಿಂದ ವೃತ್ತದ ಮುಂಭಾಗದಿಂದಲೇ ಹೊರಗೆ ನಡೆದಳು. ಕೆಂಪು ಬಾವುಟ ಮೇಲೆದ್ದಿತು. ಗುಂಡು ನೆಲ ಮುಟ್ಟಿದ ಮೇಲೆ ವೃತ್ತದ ಹಿಂದಿನ ಅರ್ಧದಿಂದಲೇ ಹೊರಬರಬೇಕೆಂಬುದು ನಿಯಮ. ಎರಡನೆಯದರಲ್ಲಿ ಗಾಬರಿಯಿಂದ ಹಲಗೆಯ ಮೇಲ್ಭಾಗವನ್ನು ತುಳಿದಳು. ಮೂರನೆಯದರಲ್ಲಿ ತಡೆಯಲಾರದೆ ಮುಂದಕ್ಕೆ ಬಿದ್ದಳು. ಮೂರೂ ಅಮಾನ್ಯ, ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಅಳತೆಯೇ ಇಲ್ಲ.

ತಪ್ಪು ಅವಳದಲ್ಲ, ನನ್ನದು. ನಲವತ್ತೈದು ನಿಮಿಷಗಳನ್ನು ಉಳಿಸುವ ಭರದಲ್ಲಿ, ಗುಂಡು ಕೈಬಿಟ್ಟ ಕೂಡಲೆ "ಮುಂದಿನದು" ಎನ್ನುತ್ತಿದ್ದೆ. ಅವಳು ಮುಂದಕ್ಕೆ ನಡೆದು ಗುಂಡನ್ನು ತರುತ್ತಿದ್ದಳು. ನೂರಾರು ಸಲ ನಾನೇ ಅವಳಿಗೆ ಮುಂದಿನಿಂದ ಹೊರಬರುವುದನ್ನು ಅಭ್ಯಾಸ ಮಾಡಿಸಿದ್ದೆ. ಬಿಟ್ಟ ಮೇಲೆ ಕಾಲುಗಳನ್ನು ಅದಲುಬದಲು ಮಾಡಿ, ಬಲಗಾಲನ್ನು ಹಲಗೆಗೆ ತಂದು, ತಗ್ಗಿ, ಮೈಯ ಓಟವನ್ನು ವೃತ್ತದೊಳಗೆ ತಡೆಯುವ ಕ್ರಮವನ್ನು ಕಲಿಸಿರಲೇ ಇಲ್ಲ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮುನಿರಾಬಾದ್ ಹತ್ತಿರ ಬಂದಾಗ, "ಸರ, ನಾಳಿಂದ ಹಿಂದ ಬರೂದು ಕಲಸ್ರಿ" ಎಂದಳು.

ಈಗ ನಮ್ಮ ಮೈದಾನದಲ್ಲಿ ಪ್ರತಿ ಎಸೆತದ ಅನಂತರ ಎಲ್ಲರೂ ಎರಡು ಎಣಿಸುವವರೆಗೆ ವೃತ್ತದಲ್ಲಿ ನಿಂತು, ಹಿಂದಿನಿಂದ ಹೊರಬರಬೇಕು. ಸುಣ್ಣದ ಅಡ್ಡಗೆರೆಯನ್ನು ಅವಳೇ ಸೋಮವಾರಕ್ಕೊಮ್ಮೆ ಹೊಸದಾಗಿ ಎಳೆಯುತ್ತಾಳೆ. ಕುಷ್ಟಗಿಯ ಹುಡುಗನು ಆರು ಕಿಲೋ ಗುಂಡನ್ನು ಈಚೆಗೆ ಹನ್ನೊಂದು ಮೀಟರಿನ ಹತ್ತಿರಕ್ಕೆ ತಂದಿದ್ದಾನೆ. ಅವನ ಎಡಗಾಲು ಮಾತ್ರ ಇನ್ನೂ ಬಾಗುತ್ತದೆ.